ಬೇರುತುದಿ ಶಸ್ತ್ರಚಿಕಿತ್ಸೆ

ರೂಟ್ ಕೆನಾಲ್ ಮಾಡಿಸಿದ ಹಲ್ಲಿನ ಬುಡದಲ್ಲಿ ಸೋಂಕು ಉಳಿದರೆ ಅಥವಾ ಮರುಕಳಿಸಿದರೆ, ಆ ಹಲ್ಲನ್ನು ಉಳಿಸಿಕೊಳ್ಳಲು ಮಾಡುವ ಶಸ್ತ್ರಕ್ರಿಯೆ. ಸಾಮಾನ್ಯವಾಗಿ ಮೊದಲು ರೂಟ್ ಕೆನಾಲನ್ನೇ ಮತ್ತೊಮ್ಮೆ ಮಾಡಿ ನೋಡುತ್ತಾರೆ. ಕ್ಯಾಪಿನಡಿಯ ಪೋಸ್ಟ್ (ಆಧಾರದ ಕಡ್ಡಿ) ಅಥವಾ ನಾಳದೊಳಗೆ ಮುರಿದುಳಿದ ಫೈಲ್ (ನಾಳ ಶುಚಿಗೊಳಿಸುವ ಸೂಜಿಯಂಥ ಉಪಕರಣ) ಅದಕ್ಕೆ ಅಡ್ಡಿಯಾದಾಗ, ವಸಡು ಬಿಡಿಸಿ ಮೂಳೆಯ ಕಡೆಯಿಂದ ಬೇರಿನ ತುದಿಯನ್ನು ತಲುಪುತ್ತಾರೆ.

ಇತಿಹಾಸ: 1884ರಲ್ಲಿ ಅಮೆರಿಕದ ಜಾನ್ ಫರಾರ್ ಬೇರು ಕತ್ತರಿಸಿ ಕೀವುಬಾವು ಗುಣಪಡಿಸುವ ಕ್ರಮವನ್ನು ಪ್ರಕಟಿಸಿದರು. 1890ರ ದಶಕದಲ್ಲಿ ಬ್ರೆಸ್ಲೌ ನಗರದ ಕಾರ್ಲ್ ಪಾರ್ಚ್ ಅದನ್ನು ವ್ಯವಸ್ಥಿತಗೊಳಿಸಿದರು. ವಸಡಿಗೆ ಹಾಕುವ ಅರ್ಧಚಂದ್ರಾಕಾರದ ಕೊಯ್ತಕ್ಕೆ ಅವರ ಹೆಸರೇ ಇದೆ. 1895ರಲ್ಲಿ ಕಂಡುಹಿಡಿದ ಎಕ್ಸ್-ರೇ ಮೂಳೆಯೊಳಗಿನ ರೋಗವನ್ನು ತೋರಿಸತೊಡಗಿತು. ಇಪ್ಪತ್ತನೆಯ ಶತಮಾನದ ಬಹುಭಾಗ ಬೇರನ್ನು ಓರೆಯಾಗಿ ಕತ್ತರಿಸಿ, ತುದಿಗೆ ಅಮಾಲ್ಗಮ್ (ಪಾದರಸದ ಮಿಶ್ರಲೋಹ) ತುಂಬುತ್ತಿದ್ದರು. ಎಷ್ಟೋ ಬಾರಿ ತುದಿ ಸರಿಯಾಗಿ ಮುಚ್ಚದೆ ಸೋಂಕು ಮತ್ತೆ ಹೊರಬರುತ್ತಿತ್ತು. 1990ರ ದಶಕದಲ್ಲಿ ಸೂಕ್ಷ್ಮದರ್ಶಕ, ಅಲ್ಟ್ರಾಸೋನಿಕ್ ಉಪಕರಣ ಮತ್ತು ಅಮೆರಿಕದ ಲೋಮಾ ಲಿಂಡಾ ವಿಶ್ವವಿದ್ಯಾಲಯದಲ್ಲಿ ಮಹಮೂದ್ ತೊರಾಬಿನೆಜಾದ್ ರೂಪಿಸಿದ ಎಂಟಿಎ ಸಿಮೆಂಟ್ ಈ ಕೊರತೆಯನ್ನು ನೀಗಿಸಿದವು. ಈಗ ಸುಮಾರು 3 ಮಿ.ಮೀ. ತುದಿ ತೆಗೆದು, ಒಳಗೆ ಅಷ್ಟೇ ಆಳ ಕೊರೆದು ಸಿಮೆಂಟ್ ತುಂಬುತ್ತಾರೆ. 2010ರ ಒಂದು ಸಮಗ್ರ ವಿಶ್ಲೇಷಣೆಯಲ್ಲಿ ಹಳೆಯ ಕ್ರಮದ ಯಶಸ್ಸು ಶೇ. 59, ಹೊಸ ಕ್ರಮದ್ದು ಶೇ. 94.

ಇತರ ವಿಧಾನಗಳು: ಹಲವು ಬೇರುಗಳ ದವಡೆಹಲ್ಲಿನಲ್ಲಿ ಕೆಟ್ಟ ಬೇರನ್ನಷ್ಟೇ ಕತ್ತರಿಸಿ ತೆಗೆಯಬಹುದು. ಉಪಕರಣ ತಲುಪದ ಕಡೆ ಹಲ್ಲನ್ನು ಜಾಗ್ರತೆಯಿಂದ ಕಿತ್ತು, ಹೊರಗೇ ತುದಿ ಮುಚ್ಚಿ, ಕೆಲವೇ ನಿಮಿಷಗಳಲ್ಲಿ ಅದೇ ಗುಳಿಯಲ್ಲಿ ಕೂರಿಸುತ್ತಾರೆ. ಬೇರು ಉದ್ದಕ್ಕೆ ಸೀಳಿದ್ದರೆ ಸಾಮಾನ್ಯವಾಗಿ ಕೀಳಲೇಬೇಕು. ಆ ಜಾಗಕ್ಕೆ ಇಂಪ್ಲಾಂಟ್ (ಮೂಳೆಯಲ್ಲಿ ನೆಡುವ ಕೃತಕ ಬೇರು) ಹಾಕಬಹುದು. ಸ್ವೀಡನ್ನಿನ ಬ್ರೋನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಟೈಟಾನಿಯಂ ಇಂಪ್ಲಾಂಟ್ ಅಳವಡಿಸಿದರು.

ಕಾಸರಗೋಡಿನಲ್ಲಿ: ಈ ಚಿಕಿತ್ಸೆಗೆ ತಜ್ಞರೂ ಸೂಕ್ಷ್ಮ ಉಪಕರಣಗಳೂ ಒಂದೆಡೆ ಸೇರಬೇಕಾದ್ದರಿಂದ ದಂತ ಕಾಲೇಜುಗಳ ಪಾತ್ರ ದೊಡ್ಡದು. 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ, ಇಲ್ಲಿನವರು ಚಿಕಿತ್ಸೆಗಾಗಿ ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋಗುವ ರೂಢಿ ಮುಂದುವರಿಯಿತು. 1965ರಲ್ಲಿ ಮಣಿಪಾಲದಲ್ಲಿ, 1985ರಲ್ಲಿ ಗಡಿಗೆ ಹತ್ತಿರದ ದೇರಳಕಟ್ಟೆಯಲ್ಲಿ, 1987ರಲ್ಲಿ ಮಂಗಳೂರಿನಲ್ಲಿ ದಂತ ಕಾಲೇಜುಗಳು ಆರಂಭವಾದವು. ಜಿಲ್ಲೆಯೊಳಗೆ ಪೊಯಿನಾಚಿಯಲ್ಲಿ ಸೆಂಚುರಿ ದಂತ ಕಾಲೇಜಿದೆ. ಎಲ್ಲಿ ಮಾಡಿಸಿಕೊಂಡರೂ ಶಸ್ತ್ರಕ್ರಿಯೆಯ ನಂತರ ಮೂಳೆ ತುಂಬಿಬರಲು ತಿಂಗಳುಗಳೇ ಬೇಕು; ನೋವಿಲ್ಲವೆಂದು ಬಿಡದೆ ಕನಿಷ್ಠ ಒಂದು ವರ್ಷ ಎಕ್ಸ್-ರೇ ತೆಗೆಸಿ ನೋಡಬೇಕು. ಮರಳಿ ಹೋಗಿ ತೋರಿಸಲು ಸುಲಭವಾದ ಆಸ್ಪತ್ರೆಯನ್ನು ಆರಿಸಿಕೊಳ್ಳುವುದೂ ಹಲ್ಲು ಉಳಿಸುವ ಚಿಕಿತ್ಸೆಯ ಭಾಗವೇ.