ಹಿರಿಯರ ಹಬ್ಬವೂ ಪರೋಕ್ಷವಿನಯವೂ

೧

ಭಾದ್ರಪದ ಬಹುಳ ಅಮಾವಾಸ್ಯೆಯನ್ನು ಧರ್ಮಶಾಸ್ತ್ರಕಾರರು ಮಹಾಲಯವೆಂದು ಕರೆಯುವರು. ಬೆಳ್ವೊಲ ಪುಲಿಗೆರೆ ನಾಡುಗಳ ಎರೆನೆಲದಲ್ಲಿ, ಅಂತೂರು ಬೆಂತೂರುಗಳೆಂಬ ಜೋಡಿ ಹಳ್ಳಿಗಳು ಮೊದಲ್ಗೊಂಡು ಗದಗು, ಮುಳಗುಂದ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸುತ್ತಣ ಊರುಗಳಲ್ಲಿ, ಅದೇ ದಿನಕ್ಕೆ ಜನರ ಬಾಯಲ್ಲಿ ‘ಮಾನವಮಿ ಅಮಾಸಿ’ ಎಂದು ಹೆಸರು. ಅಂದು ನಡೆಯುವುದು ಹಿರಿಯರ ಹಬ್ಬ. ಹಿಂಗಾರಿ ಬಿತ್ತನೆಯ ಕಾಲಕ್ಕೆ ಬರುವ ಈ ಹಬ್ಬದಂದು ಮನೆಯನ್ನು ಸಾರಿಸಿ, ಕಲಶವನ್ನಿಟ್ಟು, ಅದರ ಮುಂದೆ ಹೊಸ ಸೀರೆ ಧೋತರಗಳನ್ನು ಮಡಿಸಿಟ್ಟು, ಗತಿಸಿದವರಿಗೆ ಬದುಕಿದ್ದಾಗ ಯಾವ ಅಡಿಗೆ ಪ್ರಿಯವಾಗಿದ್ದಿತೋ ಅದನ್ನು ಮಾಡಿ ಎಡೆಯಿಡುವರು. ಹೋಳಿಗೆ ಕಡುಬುಗಳ ಮಗ್ಗುಲಲ್ಲಿ ಎಲೆಯಡಿಕೆಯೂ ಕೆಲವೆಡೆ ತಂಬಾಕೂ ಇರುವುದುಂಟು. ಬಹುಮಂದಿಯ ಮನೆಗಳಲ್ಲಿ ಪುರೋಹಿತನಿಲ್ಲ, ಮಂತ್ರವಿಲ್ಲ. ಮನೆಯ ಯಜಮಾನನೇ ಧೂಪ ಹಾಕಿ ಕೈಮುಗಿದರೆ ವಿಧಿ ಮುಗಿಯಿತು. ಬಳಿಕ ನಂಟರನ್ನೂ ನೆರೆಹೊರೆಯವರನ್ನೂ ಕರೆದು ಉಣ್ಣುವರು. ಕೆಲವು ಕುಲಗಳಲ್ಲಿ ಇದೇ ಆಚರಣೆಯು ದೀಪಾವಳಿಯ ಅಮಾವಾಸ್ಯೆಗೆ ಬರುವುದು.

ಈ ಎಡೆಯ ಮುಂದೆ ಗೋತ್ರನಾಮಗಳನ್ನು ಉಚ್ಚರಿಸುವ ಕ್ರಮವಿಲ್ಲ. ‘ಹಿರಿಯರು’ ಎಂಬ ಒಂದೇ ಮಾತಿನಲ್ಲಿ ಎಲ್ಲರನ್ನೂ ನೆನೆಯುವರು. ಆ ಹಿರಿಯರಾರು? ಈ ಹಬ್ಬವು ಶ್ರಾದ್ಧದ ಅಪಭ್ರಂಶವೋ, ಅಥವಾ ಕನ್ನಡನಾಡಿಗೆ ತನ್ನದೇ ಆದ ಬೇರೊಂದು ಪರಂಪರೆಯ ಶೇಷವೋ ಎಂಬುದು ವಿಚಾರಣೀಯವು. ಶಾಸ್ತ್ರಗ್ರಂಥಗಳನ್ನೂ ಶಾಸನಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಶಾಸನಕಾರರು ‘ಪರೋಕ್ಷವಿನಯ’ವೆಂದು ಕರೆದ ಭಾವವೇ ಈ ಹಬ್ಬದ ತಿರುಳೆಂದು ತೋರುವುದು.

೨

ಶ್ರಾದ್ಧದಲ್ಲಿ ಪಿತೃ, ಪಿತಾಮಹ, ಪ್ರಪಿತಾಮಹರೆಂಬ ಮೂವರಿಗೆ ನಾಮಗೋತ್ರಪೂರ್ವಕವಾಗಿ ಪಿಂಡವು ಸಲ್ಲುವುದು. ಅವರಿಂದ ಮೇಲಣ ಮೂವರು ಪಿಂಡವನ್ನು ಹಿಡಿದ ಕೈಗೆ ಅಂಟಿದ ಲೇಪಮಾತ್ರಕ್ಕೆ ಭಾಗಿಗಳು. ಅದಕ್ಕೂ ಆಚೆಯವರು ಸಮಾನೋದಕರು. ಅವರಿಗೆ ನೀರು ಮಾತ್ರ. ಹೆಸರಿನ ನೆನಪು ತಲೆಮಾರು ತಲೆಮಾರಿಗೆ ಕ್ಷೀಣಿಸುವುದನ್ನು ಶಾಸ್ತ್ರವು ಹೀಗೆ ಒಪ್ಪಿ, ಅದಕ್ಕೆ ತಕ್ಕ ಮಿತಿಯನ್ನು ಕಲ್ಪಿಸಿರುವುದು.

ಆದರೆ ಶ್ರುತಿಯ ದೃಷ್ಟಿ ಇದಕ್ಕಿಂತ ವಿಶಾಲವಾಗಿದ್ದಿತು. ಋಗ್ವೇದದ ಹತ್ತನೆಯ ಮಂಡಲದ ಹದಿನೈದನೆಯ ಸೂಕ್ತದಲ್ಲಿ ಋಷಿಯು ಇಲ್ಲಿರುವ ಪಿತೃಗಳನ್ನೂ ಇಲ್ಲಿಲ್ಲದವರನ್ನೂ, ತಾವು ಬಲ್ಲವರನ್ನೂ ಅರಿಯದವರನ್ನೂ ಒಟ್ಟಿಗೆ ಸ್ಮರಿಸಿ, ಅವರು ಎಷ್ಟು ಮಂದಿಯೆಂಬುದನ್ನು ಅಗ್ನಿಯೇ ಬಲ್ಲನೆಂದು ಹೇಳುವನು. ಈ ವಿಶಾಲತೆಯು ಮಹಾಲಯಪ್ರಯೋಗದಲ್ಲಿ ಉಳಿದುಬಂದಿದೆ. ನಿತ್ಯದ ಶ್ರಾದ್ಧದಲ್ಲಿ ಎಡೆಯಿಲ್ಲದ ಗುರು, ಆಚಾರ್ಯ, ಸಖ, ಆಶ್ರಿತ ಮೊದಲಾದವರು ಮಹಾಲಯದಲ್ಲಿ ‘ಕಾರುಣ್ಯಪಿತೃ’ಗಳೆಂಬ ಹೆಸರಿನಿಂದ ಪಿಂಡವನ್ನು ಪಡೆಯುವರು. ರಕ್ತಸಂಬಂಧವು ತೀರಿದೆಡೆಯಲ್ಲಿ ಕರುಣೆಯ ಸಂಬಂಧವು ಮೊದಲಾಗುವುದೆಂಬುದು ಈ ಹೆಸರಿನ ಇಂಗಿತವು.

ಇಲ್ಲಿ ಕನ್ನಡನಾಡಿನ ಧರ್ಮಶಾಸ್ತ್ರಜ್ಞನೊಬ್ಬನ ಮತವನ್ನು ನೆನೆಯಬೇಕು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಕಾಲದಲ್ಲಿ ಕಲ್ಯಾಣದಲ್ಲಿದ್ದು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ‘ಸಪಿಂಡ’ ಶಬ್ದಕ್ಕೆ ಒಂದೇ ಶರೀರದ ಅವಯವಗಳ ಸಂಬಂಧವುಳ್ಳವನೆಂದು ಅರ್ಥಮಾಡಿದನು. ವಂಗದೇಶದ ಜೀಮೂತವಾಹನನಾದರೋ ಪಿಂಡದಾನದ ಉಪಕಾರವನ್ನೇ ದಾಯಕ್ಕೆ ಆಧಾರವಾಗಿ ಹಿಡಿದನು. ವಿಜ್ಞಾನೇಶ್ವರನ ಪಕ್ಷದಲ್ಲಿ ದಾಯಾಧಿಕಾರವು ಪಿಂಡವನ್ನು ಅವಲಂಬಿಸದು. ಆದಕಾರಣ ಹಿರಿಯರಿಗೆ ಅನ್ನವಿಡುವುದು ಆಸ್ತಿಯ ಹಕ್ಕಿಗೆ ತೆತ್ತ ಬೆಲೆಯಾಗದೆ ಶುದ್ಧವಾದ ಋಣಸ್ಮರಣೆಯಾಗಿ ಉಳಿಯುವುದು. ಬೆಳ್ವೊಲ ಪುಲಿಗೆರೆಗಳು ಆಗ ಅದೇ ವಿಕ್ರಮಾದಿತ್ಯನ ಆಳ್ವಿಕೆಗೆ ಒಳಪಟ್ಟಿದ್ದ ನಾಡುಗಳು.

೩

ಇನ್ನು ಶಾಸನಗಳ ಕಡೆಗೆ ತಿರುಗೋಣ. ‘ಪರೋಕ್ಷವಿನಯ’ವೆಂಬ ಮಾತು ಹೆಚ್ಚಾಗಿ ಜೈನಶಾಸನಗಳಲ್ಲಿ ಕಾಣಬರುತ್ತದೆ. ಪರೋಕ್ಷವೆಂದರೆ ಕಣ್ಣಿಗೆ ಮರೆಯಾದುದು, ವಿನಯವೆಂದರೆ ಆದರ. ಗುರುವೋ ತಾಯಿಯೋ ಬಂಧುವೋ ಗತಿಸಿದಾಗ ಶಿಷ್ಯರಾಗಲಿ ಮಕ್ಕಳಾಗಲಿ ನಿಸಿಧಿಯನ್ನು ನಿಲ್ಲಿಸಿ, ಇಲ್ಲವೆ ಬಸದಿಯನ್ನು ಕಟ್ಟಿಸಿ ದತ್ತಿಯನ್ನು ಬಿಟ್ಟು, ಅದನ್ನು ಆ ಮೃತರ ಪರೋಕ್ಷವಿನಯವೆಂದು ಬರೆಯಿಸುತ್ತಿದ್ದರು. ಇಲ್ಲಿಯ ಅನ್ನವು ಪರಲೋಕದಲ್ಲಿರುವವನನ್ನು ತಣಿಸುವುದೆಂಬ ವಾದವನ್ನು ಜೈನಾಚಾರ್ಯರು ಒಪ್ಪಿದವರಲ್ಲ. ಆದರೂ ಗತಿಸಿದವರಿಗೆ ಸಲ್ಲಬೇಕಾದ ಆದರವನ್ನು ಅವರು ಬಿಡಲಿಲ್ಲ. ಶ್ರಾದ್ಧವನ್ನು ಒಲ್ಲದವರಲ್ಲಿಯೂ ಪರೋಕ್ಷವಿನಯವುಂಟೆಂದಮೇಲೆ, ಇದು ಶ್ರಾದ್ಧಕ್ಕಿಂತ ವ್ಯಾಪಕವಾದ ಭಾವವೆಂಬುದು ಸ್ಪಷ್ಟವು.

ವೀರಗಲ್ಲುಗಳಲ್ಲಿ ಈ ಭಾವವು ಊರೊಟ್ಟಿನ ರೂಪವನ್ನು ತಾಳಿರುವುದು. ಸಾಮಾನ್ಯವಾಗಿ ಕಲ್ಲಿನ ಕೆಳಗಣ ಪಟ್ಟಿಕೆಯಲ್ಲಿ ಕಾಳಗ, ನಡುವಣದರಲ್ಲಿ ವೀರನನ್ನು ಒಯ್ಯುವ ಅಪ್ಸರೆಯರು, ಮೇಲಣದರಲ್ಲಿ ಶಿವಲಿಂಗದ ಅಥವಾ ಜಿನನ ಸನ್ನಿಧಿ. ತುಱುಗೊಳ್, ಊರಳಿವು, ಪೆಣ್ಬುಯ್ಯಲ್ ಎಂದು ಶಾಸನಗಳು ಹೇಳುವ ಸಂದರ್ಭಗಳಲ್ಲಿ, ಎಂದರೆ ದನಗಳನ್ನೂ ಊರನ್ನೂ ಹೆಂಗಸರನ್ನೂ ಕಾಯುವಲ್ಲಿ, ಮಡಿದವರಿಗಾಗಿ ಇವನ್ನು ನಿಲ್ಲಿಸಿದರು. ಮಡಿದವನ ಮನೆಯವರಿಗೆ ಭೂಮಿಯನ್ನು ಬಿಡುವುದೂ ಉಂಟು. ಅದಕ್ಕೆ ‘ನೆತ್ತರುಗೊಡಗೆ’ ಎಂದು ಹೆಸರು. ಕಾದಿದವನು ಒಕ್ಕಲಿಗನೋ ತಳವಾರನೋ ಗೋವಳನೋ ಆಗಿರಬಹುದು. ರಾಜರ ಪ್ರಶಸ್ತಿಗಳಲ್ಲಿ ಎಂದೂ ಬಾರದ ಹೆಸರುಗಳು ಈ ಕಲ್ಲುಗಳಲ್ಲಿ ತಂದೆಯ ಹೆಸರು, ಊರ ಹೆಸರುಗಳೊಡನೆ ನಿಂತಿರುವುವು.

ಗತಿಸಿದವರ ಆರಾಧನೆಗೂ ಊಟಕ್ಕೂ ಇರುವ ನಂಟನ್ನು ತೋರಿಸುವ ಶಾಸನವೊಂದು ಮಂಡ್ಯ ಸೀಮೆಯ ಆತಕೂರಿನದು. ಕ್ರಿ. ಶ. ೯೪೯ರ ತಕ್ಕೋಲದ ಕಾಳಗದಲ್ಲಿ ಪರಾಕ್ರಮವನ್ನು ಮೆರೆದ ಮಣಲೆರನು ತನ್ನೊಡೆಯನಾದ ಗಂಗ ಬೂತುಗನಿಂದ ಮೆಚ್ಚುಗೆಯಾಗಿ ಕೇಳಿದುದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಆ ನಾಯಿಯು ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತುವು. ಅದಕ್ಕಾಗಿ ಆತಕೂರಿನಲ್ಲಿ ಕಲ್ಲನ್ನು ನಡಿಸಿ ಭೂಮಿಯನ್ನು ಬಿಟ್ಟರು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯು ಮಾಡಿದ ಪಾಪಕ್ಕೆ ಭಾಗಿಯಾಗುವನೆಂದು ಶಾಸನವು ವಿಧಿಸುವುದು. ಈ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಗತಿಸಿದವರನ್ನು ನೆನೆಯದೆ ಉಣ್ಣಲಾಗದೆಂಬ ಈ ಕಟ್ಟಳೆಯೂ, ಎಡೆಯಿಟ್ಟಲ್ಲದೆ ಮನೆಯವರು ಉಣ್ಣದ ಹಿರಿಯರ ಹಬ್ಬದ ರೂಢಿಯೂ ಒಂದೇ ಭಾವದವು. ಅದು ಗೋತ್ರವನ್ನು ದಾಟಿ, ಮನುಷ್ಯಕುಲವನ್ನೂ ದಾಟಿ ಹೋಗಿರುವುದೇ ಇಲ್ಲಿಯ ವಿಶೇಷವು.

೪

ಕಲ್ಲು ಮಾತ್ರವೇ ಪರೋಕ್ಷವಿನಯದ ಸಾಧನವಾಗಿರಲಿಲ್ಲ, ಕಾವ್ಯವೂ ಆಗಿದ್ದಿತು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಆಶ್ರಿತನಾದ ಪೊನ್ನನು ಶಾಂತಿಪುರಾಣವನ್ನು ರಚಿಸಿದುದು ಮಲ್ಲಪ, ಪುನ್ನಮಯ್ಯರೆಂಬ ಸಹೋದರರ ಪ್ರೇರಣೆಯಿಂದ. ಗತಿಸಿದ ತಮ್ಮ ಗುರು ಜಿನಚಂದ್ರದೇವನ ಸ್ಮರಣೆಗಾಗಿ ಅವರು ಅದನ್ನು ಬರೆಯಿಸಿದರು. ಮಲ್ಲಪನ ಮಕ್ಕಳಾದ ಅತ್ತಿಮಬ್ಬೆ ಗುಂಡಮಬ್ಬೆಯರು ನಾಗದೇವನೆಂಬ ಒಬ್ಬನನ್ನೇ ಮದುವೆಯಾಗಿದ್ದರು. ನಾಗದೇವನು ಅಕಾಲದಲ್ಲಿ ಮಡಿಯಲು ಗುಂಡಮಬ್ಬೆಯು ಸಹಗಮನ ಮಾಡಿದಳು. ಅತ್ತಿಮಬ್ಬೆಯು ಮಗನಾದ ಅಣ್ಣಿಗದೇವನನ್ನು ಸಾಕುತ್ತ ವ್ರತದಲ್ಲಿ ಉಳಿದಳು. ಆಕೆಯು ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದುದು ಸಾಹಿತ್ಯಚರಿತ್ರೆಯಲ್ಲಿ ಪ್ರಸಿದ್ಧವಾದ ಸಂಗತಿ. ರನ್ನನು ಆಕೆಯ ಆಶ್ರಯದಲ್ಲಿ ೯೯೩ರಲ್ಲಿ ಅಜಿತಪುರಾಣವನ್ನು ಮುಗಿಸಿದನು. ಗದಗಿನ ಪೂರ್ವಕ್ಕಿರುವ ಲಕ್ಕುಂಡಿಯಲ್ಲಿ ಆಕೆಯು ಕಟ್ಟಿಸಿದ ಬ್ರಹ್ಮಜಿನಾಲಯವು ೧೦೦೭ರ ಶಾಸನದೊಡನೆ ಇಂದಿಗೂ ನಿಂತಿದೆ.

ಈ ಪ್ರಸಂಗವನ್ನು ಸಾಮಾನ್ಯವಾಗಿ ದಾನಶೀಲತೆಗೆ ಉದಾಹರಣೆಯಾಗಿ ಹೇಳುವ ವಾಡಿಕೆ. ಶಾಂತಿಪುರಾಣವು ಮೊದಲಿಗೇ ಮೃತನಾದ ಗುರುವೊಬ್ಬನ ಸ್ಮಾರಕವಾಗಿದ್ದಿತೆಂಬುದನ್ನು ಮರೆಯದಿದ್ದರೆ ಅದಕ್ಕೆ ಬೇರೊಂದು ಅರ್ಥವು ಹೊಳೆಯುವುದು: ತಂದೆಯು ನಿಲ್ಲಿಸಿದ ಸ್ಮಾರಕವನ್ನು ವಿಧವೆಯಾದ ಮಗಳು ಸಾವಿರ ಮನೆಗಳಿಗೆ ಮುಟ್ಟಿಸಿದಳು. ಅಕ್ಕತಂಗಿಯರಲ್ಲಿ ಒಬ್ಬಳು ಗತಿಸಿದವನ ಹಿಂದೆ ಹೋದಳು. ಇನ್ನೊಬ್ಬಳು ಉಳಿದುಕೊಂಡು ನೆನಪನ್ನು ಕಾಪಾಡಿದಳು. ಕನ್ನಡ ಸಾಹಿತ್ಯವು ಎರಡನೆಯವಳಿಗೆ ಋಣಿಯಾಗಿದೆ.

೫

ಮುಂದಣ ಶತಮಾನಗಳಲ್ಲಿ ಈ ನಾಡಿನ ಮತಗಳು ಮಾರ್ಪಟ್ಟುವು. ಪರೋಕ್ಷವಿನಯವು ರೂಪಾಂತರ ಹೊಂದಿ ಮುಂದುವರಿಯಿತು. ಶಿವಶರಣರ ಮಾರ್ಗದವರು ಪಿಂಡಪ್ರದಾನವನ್ನು ಬಿಟ್ಟು ಗಣಾರಾಧನೆಯನ್ನೂ ಗದ್ದುಗೆಯ ಪೂಜೆಯನ್ನೂ ದಾಸೋಹವನ್ನೂ ಕೈಕೊಂಡರು. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಹಿಂದುಗಳೂ ಮುಸಲ್ಮಾನರೂ ಒಂದೇ ಭಕ್ತಿಯಿಂದ ನಡೆದುಕೊಳ್ಳುವರು. ಕ್ರಿ. ಶ. ೬೮೦ರಲ್ಲಿ ಕರ್ಬಲೆಯಲ್ಲಿ ಮಡಿದ ಹುಸೇನನ ನೆನಪಿನ ಮೊಹರಮ್ಮನ್ನು ಉತ್ತರಕರ್ಣಾಟಕದ ಹಲವು ಹಳ್ಳಿಗಳಲ್ಲಿ ಊರವರೆಲ್ಲರೂ ಕೂಡಿ ಆಚರಿಸುವರು. ಮುಸಲ್ಮಾನರ ಮನೆಯೇ ಇಲ್ಲದ ಊರುಗಳಲ್ಲಿಯೂ ಅದು ನಡೆಯುವುದುಂಟು. ದೂರದೇಶದ ವೀರನೊಬ್ಬನು ಹೀಗೆ ಇಲ್ಲಿಯವರಿಗೆ ಹಿರಿಯನಾದನು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ೧೯೪೪ರಲ್ಲಿ ಗತಿಸಿದ ಪಂಚಾಕ್ಷರ ಗವಾಯಿಗಳ ಮತ್ತು ೨೦೧೦ರಲ್ಲಿ ಗತಿಸಿದ ಪುಟ್ಟರಾಜ ಗವಾಯಿಗಳ ಪುಣ್ಯಸ್ಮರಣೆಯು ಪ್ರತಿವರ್ಷವೂ ಸಂಗೀತಸೇವೆಯೊಡನೆ ನಡೆಯುತ್ತದೆ. ಅಂಧಬಾಲಕರಿಗೆ ವಿದ್ಯೆಯನ್ನಿತ್ತ ಆ ಗುರುಗಳಿಗೆ ಶಿಷ್ಯರ ಹಾಡೇ ಎಡೆಯು. ಮಹಾಲಯದ ಸಂಕಲ್ಪದಲ್ಲಿ ಗುರುವಿಗಿರುವ ಸ್ಥಾನಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವು ದೊರೆಯದು.

ಇತರ ದೇಶಗಳಲ್ಲಿಯೂ ಇಂತಹ ವಿಸ್ತಾರವು ಕಾಣಬರುವುದು. ಪ್ರಾಚೀನ ರೋಮಿನವರು ಫೆಬ್ರವರಿ ತಿಂಗಳಲ್ಲಿ ಆಚರಿಸುತ್ತಿದ್ದ ಪಿತೃದಿನಗಳು ಮುಖ್ಯವಾಗಿ ಮನೆತನಕ್ಕೆ ಸಂಬಂಧಪಟ್ಟವು. ಫ್ರಾನ್ಸಿನ ಕ್ಲೂನಿ ಮಠದ ಅಧಿಪತಿಯಾದ ಓದಿಲೋ ಎಂಬವನು, ಹೆಚ್ಚು ಕಡಮೆ ಅತ್ತಿಮಬ್ಬೆಯ ಕಾಲದಲ್ಲಿಯೇ, ಗತಿಸಿದ ಸಮಸ್ತ ಶ್ರದ್ಧಾಳುಗಳಿಗಾಗಿ ನವೆಂಬರ ೨ನೆಯ ದಿನವನ್ನು ಗೊತ್ತುಮಾಡಿದನು. ಅಲ್ಲಿಯೂ ಕುಲದ ಸ್ಮರಣೆಯು ಸರ್ವರ ಸ್ಮರಣೆಯಾಯಿತು.

ವೀರಗಲ್ಲು ಶೌರ್ಯದ ಸ್ಮಾರಕ, ಹಿರಿಯರ ಹಬ್ಬವು ವಂಶದ ಸ್ಮರಣೆ, ಇವೆರಡನ್ನೂ ಒಂದೆನ್ನುವುದು ಸರಿಯಲ್ಲವೆಂಬ ಆಕ್ಷೇಪವು ಬರಬಹುದು. ಉತ್ಪತ್ತಿಯಲ್ಲಿ ಅವು ಬೇರೆಯೆಂಬುದು ನಿಜವು. ಒಂದರಿಂದ ಇನ್ನೊಂದು ಹುಟ್ಟಿತೆಂಬುದು ಇಲ್ಲಿಯ ವಾದವಲ್ಲ. ಆದರೆ ಆಚರಣೆಯಲ್ಲಿ ಅವೆರಡೂ ಬೆರೆತಿರುವುವು. ಎಷ್ಟೋ ಊರುಗಳಲ್ಲಿ ಅಗಸೆಯ ಬಳಿಯ ವೀರಗಲ್ಲಿಗೆ ಎಣ್ಣೆ ಬಳಿದು, ಕುಂಕುಮವಿಟ್ಟು, ಕಾಯಿ ಒಡೆಯುವರು. ಅದು ಯಾವ ದೇವರೆಂದು ಕೇಳಿದರೆ ಊರ ಹಿರಿಯನೆಂದೋ ದೇವರೆಂದೋ ಹೇಳುವರು.

೬

ಮೇಲಣ ವಿಚಾರದಿಂದ ಹಿರಿಯರ ಹಬ್ಬವು ಶ್ರಾದ್ಧದ ಕುಗ್ಗಿದ ರೂಪವಲ್ಲವೆಂದೂ, ಮಹಾಲಯದ ಕಾರುಣ್ಯಭಾವವೂ ಕನ್ನಡಿಗರ ಪರೋಕ್ಷವಿನಯವೂ ಕೂಡಿದ ಸಂಗಮವೆಂದೂ ಹೇಳಬಹುದು. ಎಡೆಯ ಮುಂದೆ ಹೆಸರಿಲ್ಲದಿರುವುದು ಅಜ್ಞಾನದಿಂದಲ್ಲ. ಋಷಿಯು ಹೇಳಿದ ಅರಿಯದ ಪಿತೃಗಳಿಗೂ ಅಲ್ಲಿ ಎಡೆಯುಂಟು.

ಇದರಲ್ಲಿ ಒಂದು ವ್ಯಥೆಯೂ ಅಡಗಿದೆ. ಹೆಸರನ್ನು ಅರಿಯದ ಹಿರಿಯರಿಗೆ ಅನ್ನವನ್ನಿಡುವ ಊರಿನಲ್ಲಿಯೇ ಹೆಸರನ್ನು ಬರೆದಿಟ್ಟ ಹಿರಿಯರ ಕಲ್ಲು ಹಳ್ಳದ ದಂಡೆಯಲ್ಲಿ ಬಟ್ಟೆ ಒಗೆಯುವ ಬಂಡೆಯಾಗಿಯೋ ಗೋಡೆಯ ಬುನಾದಿಯಾಗಿಯೋ ಇರುವುದುಂಟು. ಪೂಜೆಗೊಳ್ಳುವ ಕಲ್ಲಿನಲ್ಲಿಯೂ ಎಣ್ಣೆ ಸುಣ್ಣಗಳು ಅಕ್ಷರಗಳನ್ನು ಮುಚ್ಚಿಹಾಕುವುವು. ಫ್ಲೀಟರೇ ಮೊದಲಾದವರು ಈ ಸೀಮೆಯ ಶಾಸನಗಳನ್ನು ಪ್ರಕಟಿಸಿದರು. ೧೯೪೦ರಿಂದ ಮುಂಬಯಿ ಕರ್ಣಾಟಕದ ಶಾಸನಸಂಪುಟಗಳು ಹೊರಬಂದುವು. ೧೯೬೬ರಲ್ಲಿ ಚಿದಾನಂದಮೂರ್ತಿಗಳು ಶಾಸನಗಳ ಸಾಂಸ್ಕೃತಿಕ ಅಧ್ಯಯನದಲ್ಲಿ ವೀರರ ಬದುಕನ್ನು ವಿವರಿಸಿದರು. ೧೯೮೨ರಲ್ಲಿ ಷೆಟ್ಟರ್ ಮತ್ತು ಸೊಂಥೈಮರರು ಸ್ಮಾರಕಶಿಲೆಗಳ ಲೇಖನಸಂಪುಟವನ್ನು ಧಾರವಾಡದಿಂದ ಹೊರತಂದರು. ಇಷ್ಟು ವಿದ್ವತ್ಪರಿಶ್ರಮವು ನಡೆದಿದ್ದರೂ, ಓದಿದ ಹೆಸರು ಆ ಕಲ್ಲಿರುವ ಊರಿಗೆ ಮರಳಿ ಮುಟ್ಟಿದುದು ಅಪೂರ್ವವು.

ಹಳಗನ್ನಡವನ್ನು ಬೋಧಿಸುವ ಉಪಾಧ್ಯಾಯರು ಇದಕ್ಕೆ ಸಮರ್ಥರು. ಅಮಾವಾಸ್ಯೆಯ ಹಿಂದಣ ವಾರದಲ್ಲಿ ವಿದ್ಯಾರ್ಥಿಗಳನ್ನು ಕರೆದೊಯ್ದು, ಊರ ಕಲ್ಲನ್ನು ನೀರಿನಿಂದ ತೊಳೆದು, ಅದರ ಸಾಲುಗಳನ್ನು ಓದಿಸಿ, ದೊರೆತ ಹೆಸರನ್ನು ಊರವರಿಗೆ ತಿಳಿಸಬಹುದು. ಹಿರಿಯರಿಗೆ ಎಡೆಯಿಡುವ ಮನೆಗಳು ಆ ಹೆಸರನ್ನೂ ಒಮ್ಮೆ ಹೇಳಿಕೊಂಡರೆ, ದನಗಾಯಲು ಮಡಿದ ಗೋವಳನಿಗೆ ಎಷ್ಟೋ ಶತಮಾನಗಳ ಮೇಲೆ ಪರೋಕ್ಷವಿನಯವು ಸಂದಂತಾಗುವುದು.