ಸೇಡಿಯಾಪು ಎಂಬ ತಂತ್ರಾಂಶ

ಕೆ.ಪಿ. ರಾವ್ ತಮ್ಮ ಕನ್ನಡ ತಂತ್ರಾಂಶಕ್ಕೆ ಛಂದಸ್ಸಿನ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ಉಚಿತವಾಗಿ ಕೊಟ್ಟರು. ಟೈಪ್‌ರೈಟರಿನಲ್ಲಿ ಅಕ್ಷರದ ಚೂರುಗಳನ್ನು ಜೋಡಿಸಬೇಕಿತ್ತು. ರಾವ್ ಉಚ್ಚಾರದ ಹಾದಿ ಹಿಡಿದರು: ‘ಅಕ್ಕ’ ಬೇಕೆಂದರೆ ಅ, ಕ, ನಡುವೆ ಎಫ್ ಕೀಲಿ, ಮತ್ತೆ ಕ. ಇಂಗ್ಲಿಷಿನ 26 ಕೀಲಿಗಳೊಳಗೇ ನಮ್ಮ ವರ್ಣಮಾಲೆ ಕೂತಿತು! ‘ನುಡಿ’ಗೂ ಅದೇ ಆಧಾರ.

ತೊಡಕು ಇದ್ದದ್ದು ಫಾಂಟಿನಲ್ಲಿ. ಆಗಿನ ಫಾಂಟುಗಳು ಇಂಗ್ಲಿಷ್ ಸಂಕೇತಗಳಿಗೆ ಕನ್ನಡದ ವೇಷ ಹಾಕಿದ್ದವು. 1991ರಲ್ಲೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದರೂ, ಅದು ನಮ್ಮ ಮೇಜಿಗಿಳಿದದ್ದು 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ. ಅದಕ್ಕೂ ಮೊದಲು ಅಪ್ಪ ಊರಿನಿಂದ ಬೆರಳಚ್ಚಿಸಿ ಕಳಿಸಿದ್ದ ಗಾದೆಗಳ ಸಂಗ್ರಹವನ್ನು ಈಚೆಗೆ ತೆರೆದೆ. ಬರೀ ಚಿಹ್ನೆಗಳ ಸಂತೆ! ಪರಿವರ್ತಕಕ್ಕೆ ಹಾಕಿದ ಮೇಲೆ ಗಾದೆಗಳು ಮರಳಿದವು; ಅರ್ಕಾವತ್ತುಗಳು ಮಾತ್ರ ಜಾಗ ತಪ್ಪಿವೆ. ಭಾನುವಾರಗಳಂದು ಕೂತು ಒಂದೊಂದಾಗಿ ತಿದ್ದುತ್ತಿದ್ದೇನೆ.