ದತ್ತ ಮಂಡಲದಲ್ಲಿ ಬಳ್ಳಾರಿ ಜಿಲ್ಲೆ

ನಮ್ಮ ದೇವಾಲಯಕ್ಕೆ ಈಗ ನೂರು ವರ್ಷ ತುಂಬಿತು. ಆ ನೂರು ವರ್ಷಗಳ ವೃತ್ತಾಂತವನ್ನು ಈ ಸ್ಮರಣ ಸಂಚಿಕೆಯ ಇತರ ಲೇಖನಗಳಲ್ಲಿ ವಾಚಕರು ಕಾಣುವರು. ದೇವಾಲಯವು ನಿಂತಿರುವ ನೆಲವಾದರೋ ಒಂದು ಜಿಲ್ಲೆಗೆ ಸೇರಿದುದು. ಆ ಜಿಲ್ಲೆಯ ವಯಸ್ಸು ನಮ್ಮ ದೇವಾಲಯದ ವಯಸ್ಸಿನ ಎರಡರಷ್ಟಕ್ಕೂ ಮಿಗಿಲು. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಕಡೆಯಿಂದ ಭಾನುವಾರದ ಬಲಿಪೂಜೆಗೆ ಬರುವ ನಮ್ಮ ಜನರ ಪೂರ್ವಿಕರು ಯಾವ ಆಡಳಿತಕ್ಕೆ ಒಳಪಟ್ಟಿದ್ದರು, ಯಾರಿಗೆ ಕಂದಾಯ ತೆತ್ತರು, ಮಳೆ ಕೈಕೊಟ್ಟ ವರ್ಷ ಅವರ ಪಾಡೇನಾಯಿತು ಎಂಬುದನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದು ಸಂಪಾದಕ ಸಮಿತಿಯವರು ನಮ್ಮನ್ನು ಕೇಳಿಕೊಂಡರು.

ಬರೆಯಲು ಕುಳಿತಾಗ ನಮ್ಮ ನೆನಪಿಗೆ ಬಂದುದು ಈಚೆಗೆ ನಡೆದ ಒಂದು ಚಿಕ್ಕ ಪ್ರಸಂಗ. ಸಿರುಗುಪ್ಪದ ಕಡೆಯ ಹಿರಿಯರೊಬ್ಬರು ತಮ್ಮ ತಂದೆಯ ಜ್ಞಾನಸ್ನಾನದ ಪತ್ರವನ್ನು ಅಪೇಕ್ಷಿಸಿ ಬಂದಿದ್ದರು. ಪಹಣಿಯಲ್ಲಿ ಒಂದು ಹೆಸರು, ದೇವಾಲಯದ ಪುಸ್ತಕದಲ್ಲಿ ಇನ್ನೊಂದು, ಅದನ್ನು ಸರಿಪಡಿಸಿಕೊಳ್ಳಬೇಕಿತ್ತು. “ಜಮೀನು ಎಷ್ಟಪ್ಪ?” ಎಂದು ಕೇಳಿದೆವು. “ಎರಡು ಎಕರೆ ಹದಿನಾಲ್ಕು ಗುಂಟೆ, ಸ್ವಾಮಿ” ಎಂದರು. ಈ ಎಕರೆ, ಈ ಗುಂಟೆಗಳ ಲೆಕ್ಕ ನಮ್ಮ ಸೀಮೆಯ ಹೊಲಗಳ ಮೇಲೆ ಎಂದು ಬಂದು ಕುಳಿತಿತು? ಜಿಲ್ಲೆಯ ಚರಿತ್ರೆಯೆಲ್ಲ ಈ ಒಂದು ಪ್ರಶ್ನೆಯಿಂದಲೇ ತೆರೆದುಕೊಳ್ಳುತ್ತದೆ.

ಕುರುಗೋಡನ್ನು ಸಿಂದ ಅರಸರು ರಾಜಧಾನಿಯಾಗಿ ಆಳಿದ ಕಾಲವನ್ನೂ, ವಿಜಯನಗರದ ಅರಸರು ತುಂಗಭದ್ರೆಗೆ ಅಣೆಗಳನ್ನು ಕಟ್ಟಿ ಸಿರುಗುಪ್ಪ, ದೇಶನೂರುಗಳ ಕಾಲುವೆಗಳಿಗೆ ನೀರು ಹರಿಸಿದ ಕಾಲವನ್ನೂ ಇಲ್ಲಿ ವಿಸ್ತರಿಸುವುದಿಲ್ಲ. ವಿಜಯನಗರದ ಪತನಾನಂತರ ಈ ಸೀಮೆ ಪಾಳೆಯಗಾರರ ಕೈಸೇರಿತು. ಬಳ್ಳಾರಿಯ ಕೋಟೆ ಹಂಡೆ ನಾಯಕರದು. 1775ರ ಸುಮಾರಿಗೆ ಹೈದರಾಲಿ ಅದನ್ನು ಗೆದ್ದು ಬಲಪಡಿಸಿದನು. ಕೋಟೆಯನ್ನು ಕಟ್ಟಿದ ಫ್ರೆಂಚ್ ಶಿಲ್ಪಿಯನ್ನು, ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರವೆಂದು ತಿಳಿದ ಮೇಲೆ, ಬಾಗಿಲಲ್ಲೇ ಗಲ್ಲಿಗೇರಿಸಿದರೆಂಬ ಕಥೆಯನ್ನು ನಮ್ಮೂರಿನ ಮಕ್ಕಳೂ ಬಲ್ಲರು. ಕಥೆಯ ಸತ್ಯಾಸತ್ಯತೆ ಏನೇ ಇರಲಿ, ಗುಡ್ಡವಂತೂ ಎತ್ತರವಾಗಿಯೇ ಇದೆ.

1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಈ ಭಾಗ ಟಿಪ್ಪುವಿನಿಂದ ನಿಜಾಮನಿಗೆ ಹೋಯಿತು. ಎಂಟು ವರ್ಷಗಳ ಬಳಿಕ, 1800ರ ಅಕ್ಟೋಬರ್ 12ರಂದು, ತನ್ನ ರಾಜ್ಯದಲ್ಲಿ ಇರಿಸಿಕೊಂಡ ಕಂಪನಿ ಸೈನ್ಯದ ವೆಚ್ಚಕ್ಕೆ ಪ್ರತಿಯಾಗಿ ನಿಜಾಮನು 1792 ಮತ್ತು 1799ರಲ್ಲಿ ತನಗೆ ದೊರೆತ ಸೀಮೆಗಳನ್ನೆಲ್ಲ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಹೀಗೆ ಕೊಡಲ್ಪಟ್ಟ ನಾಡಾದುದರಿಂದ ಇದಕ್ಕೆ ‘ದತ್ತ ಮಂಡಲ’ವೆಂದು ಹೆಸರು. ಬಳ್ಳಾರಿ, ಅನಂತಪುರ, ಕಡಪ ಪ್ರಾಂತಗಳೂ ಕರ್ನೂಲಿನ ಒಂದು ಭಾಗವೂ ಇದರಲ್ಲಿ ಸೇರಿದ್ದವು. ಸೈನ್ಯದ ಖರ್ಚಿಗೆಂದು ಒಂದು ನಾಡನ್ನೇ ಕೈಯಿಂದ ಕೈಗೆ ದಾಟಿಸುವಾಗ ಅಲ್ಲಿನ ಪ್ರಜೆಗಳನ್ನು ಯಾರೂ ಕೇಳಲಿಲ್ಲವೆಂಬುದನ್ನು ಹೇಳಬೇಕಾದುದೇ ಇಲ್ಲ.

ದತ್ತ ಮಂಡಲದ ಪ್ರಥಮ ಪ್ರಧಾನ ಕಲೆಕ್ಟರಾಗಿ ಬಂದವನು ಥಾಮಸ್ ಮನ್ರೋ. ಸ್ಕಾಟ್ಲೆಂಡಿನವನು, ಬಾರಾಮಹಲಿನಲ್ಲಿ ಅಲೆಗ್ಸಾಂಡರ್ ರೀಡನ ಕೈಕೆಳಗೆ ಕಂದಾಯದ ಕೆಲಸ ಕಲಿತವನು. 1800ರಿಂದ 1807ರವರೆಗೆ ಏಳು ವರ್ಷ ಅವನು ಇಲ್ಲಿದ್ದನು. ಅದರಲ್ಲಿ ಬಹುಭಾಗವನ್ನು ಡೇರೆಗಳಲ್ಲಿ, ಹಳ್ಳಿಯಿಂದ ಹಳ್ಳಿಗೆ ತಿರುಗುತ್ತ ಕಳೆದನು. ಆಗ ಇಲ್ಲಿ ಸುಮಾರು 80 ಮಂದಿ ಪಾಳೆಯಗಾರರಿದ್ದರು. ಅವರ ಶಸ್ತ್ರಬಲವನ್ನು ಮುರಿದು, ಕೆಲವರಿಗೆ ವರ್ಷಾಶನ ಕೊಟ್ಟು, ಕೆಲವರನ್ನು ಹೊರದೂಡಿ, ರೈತನಿಗೂ ಸರಕಾರಕ್ಕೂ ನಡುವೆ ಇದ್ದ ಈ ಮಧ್ಯವರ್ತಿಗಳನ್ನು ಮನ್ರೋ ಇಲ್ಲವಾಗಿಸಿದನು. ಅನಂತರ ಹೊಲಗಳನ್ನು ಅಳೆಯಿಸತೊಡಗಿದನು.

1802ರಲ್ಲಿ ಆರಂಭವಾದ ಈ ಅಳತೆಯೇ ನಮ್ಮ ಮೊದಲಿನ ಪ್ರಶ್ನೆಗೆ ಉತ್ತರ. ಅಳತೆಗೆ ಬಳಸಿದುದು 33 ಅಡಿ ಉದ್ದದ ಸರಪಳಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲ ಒಂದು ಗುಂಟೆ. ಅಂಥ 40 ಗುಂಟೆಗಳು ಒಂದು ಎಕರೆ. ಸರಪಳಿಯವರು ಹೋದ ಹಿಂದೆಯೇ ದರ ನಿಗದಿ ಮಾಡುವವರು ಬಂದರು. ಊರಿನ ಗೌಡ, ಕರಣಿಕ, ಹಿರಿಯ ರೈತರನ್ನು ಕೂಡಿಸಿ ಇದು ಎರೆ, ಇದು ಮಸಬು, ಇದು ಗದ್ದೆ, ಇದು ಬಾವಿಯ ತೋಟ ಎಂದು ತರತಮ ವಿಂಗಡಿಸಿ, ಪ್ರತಿಯೊಂದು ಹೊಲಕ್ಕೂ ಇಂತಿಷ್ಟು ಹಣವೆಂದು ಬರೆದರು. ಅದಕ್ಕೆ ಮುಂಚೆ ಊರೊಟ್ಟಿಗೆ ಗೊತ್ತುಮಾಡಿದ ಮೊತ್ತವನ್ನು ಊರಿನವರು ತಮ್ಮೊಳಗೇ ಹಂಚಿಕೊಳ್ಳುತ್ತಿದ್ದುದುಂಟು. ಈಗ ಒಬ್ಬೊಬ್ಬ ರೈತನ ಹೆಸರೂ ಸರಕಾರದ ಲೆಕ್ಕಕ್ಕೆ ಬಂದಿತು. ವರ್ಷಕ್ಕೊಮ್ಮೆ ಜಮಾಬಂದಿ, ರೈತನ ಕೈಗೆ ಪಟ್ಟೆ. ಇದೇ ರೈತವಾರಿ ಪದ್ಧತಿ.

ಮನ್ರೋ ಪ್ರಜಾಹಿತೈಷಿಯೆಂದು ನಾವು ಶಾಲೆಯಲ್ಲಿ ಓದಿದ್ದೆವು. ಅದು ಸುಳ್ಳಲ್ಲ, ಆದರೆ ಪೂರ್ಣ ಸತ್ಯವೂ ಅಲ್ಲ. ಅವನು ಗೊತ್ತುಮಾಡಿದ ದರ ಹೊಲದ ಒಟ್ಟು ಹುಟ್ಟುವಳಿಯ ಶೇಕಡ 45ರಷ್ಟು. ನೂರು ಸೇರು ಜೋಳ ಬೆಳೆದವನು 45 ಸೇರಿನ ಬೆಲೆಯನ್ನು ಸರಕಾರಕ್ಕೆ ಕಟ್ಟಿ, ಉಳಿದುದರಲ್ಲಿ ಬೀಜ, ಎತ್ತು, ಕೂಲಿ, ಸಾಲ, ಹೊಟ್ಟೆ ಎಲ್ಲವನ್ನೂ ನೋಡಿಕೊಳ್ಳಬೇಕು. ಇದು ಭಾರವೆಂದು ಮನ್ರೋ ತಾನೇ ಅರಿತನು. 1807ರಲ್ಲಿ ಇಲ್ಲಿಂದ ಹೊರಡುವ ಮುನ್ನ ದರವನ್ನು ಕಾಲು ಭಾಗದಷ್ಟು ಇಳಿಸಬೇಕೆಂದು ಮದ್ರಾಸಿಗೆ ಬರೆದನು. ಮದ್ರಾಸಿನವರು ಒಪ್ಪಲಿಲ್ಲ. ಯುದ್ಧಗಳ ಖರ್ಚಿನಲ್ಲಿ ಖಜಾನೆ ಬರಿದಾಗಿದ್ದಾಗ ಎರೆ ಹೊಲದ ರೈತನ ಮೊರೆ ಕೇಳುವವರಾರು? ಅವರು ರೈತವಾರಿಯನ್ನೇ ಕೈಬಿಟ್ಟು ಊರುಗಳನ್ನು ಗುತ್ತಿಗೆಗೆ ಕೊಟ್ಟರು: ಮೊದಲು ಮೂರು ವರ್ಷಕ್ಕೆ, ಅನಂತರ ಹತ್ತು ವರ್ಷಕ್ಕೆ. ಮಳೆ ಗುತ್ತಿಗೆಯ ಕರಾರನ್ನು ಓದುವುದಿಲ್ಲ. ಹಲವು ಗುತ್ತಿಗೆದಾರರು ದಿವಾಳಿಯಾದರು, ಹೊಲಗಳು ಬೀಳುಬಿದ್ದವು. 1820ರಲ್ಲಿ ಮನ್ರೋ ಮದ್ರಾಸಿನ ಗವರ್ನರಾಗಿ ಬಂದ ಬಳಿಕವೇ ರೈತವಾರಿ ನೆಲೆಗೊಂಡದ್ದು, ಅವನು ಹಿಂದೆ ಕೇಳಿದ್ದ ಇಳಿಕೆ ದೊರೆತದ್ದು. ಕಲೆಕ್ಟರ್ ಬರೆದುದನ್ನು ಜಾರಿಗೆ ತರಲು ಆ ಕಲೆಕ್ಟರೇ ಗವರ್ನರಾಗಬೇಕಾಯಿತು.

1827ರಲ್ಲಿ ತನ್ನ ಹಳೆಯ ಸೀಮೆಯನ್ನು ಕಡೆಯ ಬಾರಿಗೆ ನೋಡಲು ಬಂದ ಮನ್ರೋ ಜುಲೈ 6ರಂದು ಪತ್ತಿಕೊಂಡದಲ್ಲಿ ವಾಂತಿಭೇದಿಯಿಂದ ಮೃತನಾದನು. ಆಗ ಬಳ್ಳಾರಿ ಜಿಲ್ಲೆಗೇ ಸೇರಿದ್ದ ಮಂತ್ರಾಲಯದ ಇನಾಮನ್ನು ವಿಚಾರಿಸಲು ಹೋದ ಮನ್ರೋವಿಗೆ ಶ್ರೀ ರಾಘವೇಂದ್ರ ಸ್ವಾಮಿಗಳು ಬೃಂದಾವನದಿಂದಲೇ ಮಾತನಾಡಿದರೆಂದು ನಮ್ಮ ಹಿಂದೂ ಸೋದರರು ಭಕ್ತಿಯಿಂದ ಹೇಳುತ್ತಾರೆ. ಕಂದಾಯದ ಅಧಿಕಾರಿಯೊಬ್ಬನನ್ನು ಜನರು ಸ್ಥಳಪುರಾಣದೊಳಗೆ ಸೇರಿಸಿಕೊಂಡ ನಿದರ್ಶನ ಬೇರೆಲ್ಲೂ ನಮ್ಮ ಕಿವಿಗೆ ಬಿದ್ದಿಲ್ಲ.

ಇಲ್ಲಿ ವಾಚಕರನ್ನು ಒಂದು ಕ್ಷಣ ಕಡಲಾಚೆಗೆ ಕರೆದೊಯ್ಯುವುದು ಅವಶ್ಯ. ನಮ್ಮ ಜಿಲ್ಲೆಯಂಥದೇ ಜಿಲ್ಲೆಗಳು ಅಲ್ಲಿ ಡಚ್ಚರ ಕೈಯಲ್ಲಿದ್ದವು. 1811ರಲ್ಲಿ ಇಂಗ್ಲಿಷರು ಡಚ್ಚರಿಂದ ಜಾವಾ ದ್ವೀಪವನ್ನು ಗೆದ್ದರು. ಮೈಸೂರು ಸೀಮೆಯನ್ನು ಅಳೆದವನೂ, ನಮ್ಮ ಹಳ್ಳಿಗಳ ಕೈಫಿಯತ್ತುಗಳನ್ನು ಬರೆಯಿಸಿದವನೂ ಆದ ಕರ್ನಲ್ ಕಾಲಿನ್ ಮೆಕೆಂಜಿ ಆ ದಂಡಿನೊಡನೆ ಜಾವಾಕ್ಕೆ ಹೋಗಿ, ಅಲ್ಲಿಯ ಭೂಮಿಯ ಹಕ್ಕುಗಳನ್ನು ವಿಚಾರಿಸುವ ಸಮಿತಿಗೆ ಮುಖ್ಯಸ್ಥನಾದನು. ಅಲ್ಲಿ ಲೆಫ್ಟಿನೆಂಟ್ ಗವರ್ನರಾಗಿದ್ದ ರಾಫಲ್ಸ್ ಜಾರಿಗೆ ತಂದ ಭೂಕಂದಾಯ ನಮ್ಮ ರೈತವಾರಿಯನ್ನು ಬಹುಮಟ್ಟಿಗೆ ಹೋಲುತ್ತಿತ್ತು. 1816ರಲ್ಲಿ ದ್ವೀಪ ಮರಳಿ ಡಚ್ಚರ ವಶವಾಯಿತು. ಅವರು ಆ ಕಂದಾಯವನ್ನು ಉಳಿಸಿಕೊಂಡುದಲ್ಲದೆ, 1830ರಿಂದ ಪ್ರತಿ ಹಳ್ಳಿಯೂ ತನ್ನ ನೆಲದ ಐದನೆಯ ಒಂದು ಪಾಲಿನಲ್ಲಿ ಸರಕಾರಕ್ಕಾಗಿ ಕಬ್ಬು, ನೀಲಿ ಮುಂತಾದವನ್ನು ಬೆಳೆಯಬೇಕೆಂದು ಕಟ್ಟು ಮಾಡಿದರು. ಆಚರಣೆಯಲ್ಲಿ ಅದು ಐದನೆಯ ಪಾಲಿಗೆ ನಿಲ್ಲಲಿಲ್ಲ. 1849ರ ಸುಮಾರಿಗೆ ಡೆಮಾಕ್, ಗ್ರೊಬೊಗಾನ್ ಪ್ರಾಂತಗಳಲ್ಲಿ ಘೋರ ಕ್ಷಾಮ ತಲೆದೋರಿತು. ಲೆಬಾಕ್ ಎಂಬ ಜಿಲ್ಲೆಯಲ್ಲಿ ಅಧಿಕಾರಿಯಾಗಿದ್ದ ಡೌವೆಸ್ ಡೆಕ್ಕರ್ ಎಂಬ ಡಚ್ಚನು ಪ್ರಜೆಗಳ ಪರವಾಗಿ ದೂರು ಸಲ್ಲಿಸಿ, ಅದು ನಡೆಯದೆ ಹುದ್ದೆ ಬಿಟ್ಟು, 1860ರಲ್ಲಿ ಒಂದು ಕಾದಂಬರಿಯನ್ನು ಬರೆದು ತನ್ನ ದೇಶದವರ ಮನಸ್ಸನ್ನು ಕಲಕಿದನು. ಡಚ್ಚರು ನೆಲದಿಂದ ಬೆಳೆಯನ್ನೇ ಕೇಳಿದರು. ಇಂಗ್ಲಿಷರು ಹಣವನ್ನು ಕೇಳಿದರು. ಬರ ಬಂದಾಗ ಎರಡು ಕಡೆಯೂ ಮೊದಲು ಬಿದ್ದವನು ಒಬ್ಬನೇ.

ನಮ್ಮ ಜಿಲ್ಲೆಗೆ ಮರಳೋಣ. 1808ರಲ್ಲಿ ದತ್ತ ಮಂಡಲವನ್ನು ಬಳ್ಳಾರಿ, ಕಡಪ ಎಂದು ಎರಡು ಕಲೆಕ್ಟರರ ಅಧೀನಕ್ಕೆ ಹಂಚಲಾಯಿತು. 1840ರಲ್ಲಿ ಬಳ್ಳಾರಿ ನಗರ ಜಿಲ್ಲೆಯ ಕೇಂದ್ರಸ್ಥಾನವಾಯಿತು. ಬ್ರೂಸ್ ಪೇಟೆ ಎಂಬ ಹೆಸರಿನಲ್ಲಿ ಒಬ್ಬ ಆಂಗ್ಲ ಅಧಿಕಾರಿ ಉಳಿದಿದ್ದಾನೆ; ಕೌಲ್ ಬಜಾರಿನ ಹೆಸರಿನಲ್ಲಿರುವ ‘ಕೌಲು’ ಎಂದರೆ ಕರಾರು ಪತ್ರ. ದಂಡಿಗೆ ಬೇಕಾದ ವರ್ತಕರು, ಕಸುಬಿನವರು, ಕುದುರೆಯಾಳುಗಳು ಅಲ್ಲಿ ನೆಲೆಸಿದರು. ದಂಡಿನ ಐರಿಷ್ ಸಿಪಾಯಿಗಳಲ್ಲಿ ಕಥೋಲಿಕರು ಅನೇಕರಿದ್ದುದರಿಂದ ಗುರುಗಳ ಸೇವೆಯೂ ದಂಡಿನೊಡನೆಯೇ ಬಂದಿತು. ಪ್ರಾಟೆಸ್ಟಂಟ್ ಸೋದರರ ಕಾರ್ಯವನ್ನೂ ಇಲ್ಲಿ ನೆನೆಯದಿದ್ದರೆ ಅನ್ಯಾಯವಾದೀತು: ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಇಲ್ಲಿಯೇ ಕನ್ನಡ ಕಲಿತು, ಪವಿತ್ರ ಗ್ರಂಥವನ್ನು ಕನ್ನಡಕ್ಕೆ ತಂದರು. ವಾರ್ಡ್ಲಾ ಶಾಲೆಯೂ ಆ ಮಿಷನ್ನಿನದೇ.

1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದ ನಿಮಿತ್ತ ಹತ್ತಿಯ ಬೆಲೆ ಏರಿ ಎರೆ ಹೊಲದವರ ಕೈಯಲ್ಲಿ ಕೆಲಕಾಲ ಹಣವಾಡಿತು. ಮದ್ರಾಸ್-ರಾಯಚೂರು ರೈಲು ದಾರಿ ಮುಗಿದ 1871ರ ಸುಮಾರಿಗೆ ಗುಂತಕಲ್ಲಿನಿಂದ ಬಳ್ಳಾರಿಗೂ ಹಳಿ ಬಂದಿತು. ಜಿಲ್ಲೆ ಇನ್ನು ಬರಕ್ಕೆ ಹೆದರಬೇಕಾಗಿಲ್ಲವೆಂದು ಅಧಿಕಾರಿಗಳು ಭಾವಿಸಿದರು.

1876ರಲ್ಲಿ ಎರಡು ಮಳೆಗಳೂ ಹೋದವು. ಸಿರುಗುಪ್ಪದ ಕಾಲುವೆಯ ಕೆಳಗಿನ ಗದ್ದೆಗಳು ಜಿಲ್ಲೆಯ ಒಟ್ಟು ನೆಲದಲ್ಲಿ ಒಂದು ಚೂರು. ಉಳಿದುದೆಲ್ಲ ಆಕಾಶವನ್ನು ನಂಬಿದ ಬೇಸಾಯ. ರೈಲು ಧಾನ್ಯವನ್ನು ತಂದಿತು, ನಿಜ. ಆದರೆ ಬೆಲೆ ಏರಿದ ಮೇಲೆ ಬಂದ ಆ ಧಾನ್ಯವನ್ನು ಕೊಳ್ಳಲು ಕೂಲಿಯಾಳಿನ ಕೈಯಲ್ಲಿ ಕಾಸಿರಲಿಲ್ಲ. 1877ರ ಜನವರಿ 1ರಂದು ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಸಾರುವ ದರಬಾರು ವೈಭವದಿಂದ ನಡೆಯಿತು. ಅದೇ ತಿಂಗಳು ಕ್ಷಾಮ ಪರಿಹಾರದ ಖರ್ಚನ್ನು ತಗ್ಗಿಸಲು ನಿಯುಕ್ತನಾದ ಸರ್ ರಿಚರ್ಡ್ ಟೆಂಪಲ್ ಬಳ್ಳಾರಿ ಜಿಲ್ಲೆಗೆ ಬಂದನು. ಪರಿಹಾರ ಕಾಮಗಾರಿಯಲ್ಲಿ ಕಲ್ಲೊಡೆಯುವ, ಮಣ್ಣು ಹೊರುವ ಆಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ, ಮೇಲೆ ಅಲ್ಪ ಕಾಸು ಸಾಕೆಂದು ಅವನು ಗೊತ್ತುಮಾಡಿದನು. ಒಂದು ಪೌಂಡು ಎಂದರೆ ಅರ್ಧ ಕಿಲೋವಿಗೂ ಕಡಮೆ. ಇಷ್ಟರಲ್ಲಿ ದುಡಿಯುವ ದೇಹ ಉಳಿಯದೆಂದು ಮದ್ರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಬಹಿರಂಗವಾಗಿ ಪ್ರತಿಭಟಿಸಿದನು. ಗವರ್ನರ್ ಬಕಿಂಗ್‌ಹ್ಯಾಮ್ ಡ್ಯೂಕನು ಕೂಲಿಯನ್ನು ಮತ್ತೆ ಏರಿಸುವಷ್ಟರಲ್ಲಿ ನಾಲ್ಕು ತಿಂಗಳು ಕಳೆದಿದ್ದವು. ಹಸಿದವನಿಗೆ ನಾಲ್ಕು ತಿಂಗಳೆಂದರೆ ಏನೆಂದು ವಾಚಕರೇ ಊಹಿಸಲಿ.

1871ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಜಿಲ್ಲೆಯ ಜನರಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಇಲ್ಲವಾಗಿತ್ತು. ಸತ್ತವರು ಕೆಲವರು, ಊರು ಬಿಟ್ಟವರು ಕೆಲವರು. ಈ ಹೊತ್ತಿನಲ್ಲಿ ಮದ್ರಾಸ್ ಪ್ರಾಂತದ ಹಲವೆಡೆ ಮಿಷನ್ನಿನ ಮನೆಗಳು ತಬ್ಬಲಿ ಮಕ್ಕಳಿಂದ ತುಂಬಿದವು. ಮನ್ರೋವಿನ ಸರಪಳಿ ಪ್ರತಿಯೊಂದು ಹೊಲವನ್ನೂ ಅಳೆದಿತ್ತು. ಆದರೆ ಆ ಹೊಲದಲ್ಲಿ ಕಳೆ ಕೀಳುತ್ತಿದ್ದ ಜೀತದಾಳಿಗೂ ಕೂಲಿಯ ಹೆಂಗಸಿಗೂ ಪಟ್ಟೆ ಇರಲಿಲ್ಲ. ಜಮಾಬಂದಿಯಲ್ಲಿ ಹೆಸರಿಲ್ಲದವರು ಅವರು. ಕ್ಷಾಮ ಮೊದಲು ಎಳೆದೊಯ್ದದ್ದು ಅವರನ್ನು. ನಮ್ಮ ವಿಚಾರಣೆಯ ಕುಟುಂಬಗಳಲ್ಲಿ ಬಹಳಷ್ಟು ಅಂಥವರ ಸಂತತಿ ಎಂಬುದನ್ನು ಹೇಳಲು ನಮಗೆ ಸಂಕೋಚವಿಲ್ಲ.

ಮುಂದಿನದನ್ನು ಬೇಗ ಹೇಳಬಹುದು. 1882ರಲ್ಲಿ ಅನಂತಪುರ ಬೇರೆ ಜಿಲ್ಲೆಯಾಯಿತು. 1949ರಲ್ಲಿ ಬಳ್ಳಾರಿ ಧರ್ಮಕ್ಷೇತ್ರ ಸ್ಥಾಪನೆಯಾದಾಗ ಊರು ಇನ್ನೂ ಮದ್ರಾಸ್ ಪ್ರಾಂತದಲ್ಲಿಯೇ ಇತ್ತು. 1953ರಲ್ಲಿ ಆಂಧ್ರ ರಾಜ್ಯದ ರಚನೆಯಾಗುವಾಗ ಬಳ್ಳಾರಿ ಯಾರಿಗೆಂಬ ವಿವಾದ ಎದ್ದಿತು. ನ್ಯಾಯಮೂರ್ತಿ ಮಿಶ್ರಾ ಅವರ ವಿಚಾರಣೆಯ ಬಳಿಕ ಅಕ್ಟೋಬರ್ 1ರಿಂದ ಬಳ್ಳಾರಿ, ಸಿರುಗುಪ್ಪ ಮೊದಲಾದ ತಾಲ್ಲೂಕುಗಳು ಮೈಸೂರಿಗೆ, ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಸೇರಿದವು. ಆ ದಿನಗಳ ಗಲಭೆಯಲ್ಲಿ ಪ್ರಾಣ ತೆತ್ತ ಪಿಂಜಾರ ರಂಜಾನ್ ಸಾಬರನ್ನು ಕನ್ನಡ ನಾಡು ಹುತಾತ್ಮರೆಂದು ನೆನೆಯುತ್ತದೆ. ಅದೇ ವರ್ಷ ತುಂಗಭದ್ರಾ ಅಣೆಕಟ್ಟಿನ ನೀರು ಕಾಲುವೆಗೆ ಹರಿಯಿತು. ಸಿರುಗುಪ್ಪದ ಸುತ್ತಿನ ಎರೆ ಹೊಲಗಳು ಕ್ರಮೇಣ ಬತ್ತದ ಗದ್ದೆಗಳಾದವು. 2021ರಲ್ಲಿ ಪಶ್ಚಿಮದ ತಾಲ್ಲೂಕುಗಳು ವಿಜಯನಗರ ಜಿಲ್ಲೆಯಾಗಿ ಬೇರೆಯಾದವು. ಕುರುಗೋಡು ಈಗ ತಾನೇ ಒಂದು ತಾಲ್ಲೂಕು.

ಪತ್ರ ಕೇಳಿ ಬಂದ ಆ ಹಿರಿಯರ ವಿಚಾರ ಉಳಿಯಿತು. ದೇವಾಲಯದ ಹಳೆಯ ಪುಸ್ತಕವನ್ನು ತೆಗೆದು ನೋಡಿದಾಗ ಅವರ ತಂದೆಯ ಜ್ಞಾನಸ್ನಾನದ ಸಾಲು ದೊರೆಯಿತು. ಅಜ್ಜನ ಹೆಸರಿನ ಮುಂದೆ ಕಸುಬಿನ ಅಂಕಣದಲ್ಲಿ ‘ಕೂಲಿ’ ಎಂದು ಬರೆದಿತ್ತು. ಜಮೀನು ಹೇಗೆ ಬಂತೆಂದು ವಿಚಾರಿಸಿದೆವು. ಅಜ್ಜ ಕೂಲಿ ಮಾಡಿದ ಹೊಲವನ್ನೇ ತಂದೆ ಗೇಣಿಗೆ ಹಿಡಿದಿದ್ದರು. 1974ರ ಭೂ ಸುಧಾರಣೆಯ ಕಾಯಿದೆ ಬಂದ ಮೇಲೆ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿದರಂತೆ, ಐದಾರು ವರ್ಷ ತಿರುಗಿದ ಬಳಿಕ ಹಕ್ಕು ದೊರೆಯಿತಂತೆ. ಹೆಸರಿನಲ್ಲಿ ಒಂದು ಅಕ್ಷರ ಮಾತ್ರ ಬೇರೆಯಾಗಿತ್ತು. ಪತ್ರಕ್ಕೆ ಸಹಿ ಹಾಕಿ, ಮುದ್ರೆ ಒತ್ತಿ ಕೊಟ್ಟೆವು. ಅದನ್ನು ಪಹಣಿಯೊಡನೆ ಮಡಿಸಿ ಜೇಬಿನಲ್ಲಿರಿಸಿಕೊಂಡು, ಸಿರುಗುಪ್ಪದ ಬಸ್ಸು ತಪ್ಪೀತೆಂದು ಅವರು ಬೇಗನೆ ಹೊರಟರು.